ಕಣ್ಣಳತೆ

ಬೆಳಿಗ್ಗೆ ಆರಕ್ಕೆ ಬುಸಿಯಾದ ಗೇಟಿನ ಪಕ್ಕ
ಒಂದು ಕಾಲು ಕುಂಟುವ ನೀಲಿ ಕುರ್ಚಿ ಹಾಕಿ ಕೂರುತ್ತೇನೆ.
ತೊಡೆಯ ಮೇಲೆ ಹಲಗೆ,
ಹಲಗೆಯ ಮೇಲೆ ಹದಿನಾಲ್ಕು ಕಾಲಮ್ಮಿನ ಹಾಳೆ.
ತಕ್ಕಡಿ ಕೊಟ್ಟಿಲ್ಲ.
"ತೂಗಿದರೆ ಜನ ಹೆದರುತ್ತಾರೆ, ನಾಂಜಾಲ.
ನೋಡು, ಅಂದಾಜು ಮಾಡು, ಬರಿ" ಅಂದಿದ್ದಾರೆ ಕಂಪಾಲದವರು.

ಹಾಗಾಗಿ ಕಣ್ಣಳತೆ.
ಸೈಕಲ್ಲಿನ ಹಿಂದೆ ಬಾಳೆಗೊನೆ: ಮೂರು.
ಮೂರು ಚಕ್ರದ ಕೈಗಾಡಿಯಲ್ಲಿ ಕಾಲಿಲ್ಲದ ಒಮೋಡಿಂಗ್,
ಅವನ ಸೀಟಿನಡಿ ಅಡುಗೆ ಎಣ್ಣೆ: ಆರು ಡಬ್ಬಿ.
ಅಲ್ಲ, ಎಂಟು. ಎರಡರ ಮೇಲೆ ಅವನೇ ಕೂತಿದ್ದಾನೆ.

ಸಹಿ ಬಿದ್ದು ವರ್ಷಗಳಾದವು.
ಫೋಟೋದಲ್ಲಿ ಕೋಟಿನವರ ಕೈ ಇನ್ನೂ ಕುಲುಕುತ್ತಲೇ ಇದೆ.
ಈಗ ಪ್ರಶ್ನೆ: ಆ ಸಹಿಯಿಂದ ವ್ಯಾಪಾರ ಎಷ್ಟು ಹೆಚ್ಚಿತು?

ಡಾಕ್ಟರ್ ಮುಗೆನಿ, ರೋಗಿಗಳ ಡಾಕ್ಟರಲ್ಲ, ಅಂಕಿಗಳ ಡಾಕ್ಟರು,
ತರಬೇತಿಯ ದಿನ ಬೋರ್ಡಿನ ಮೇಲೆ ಬರೆದರು:
ಎರಡು ದೇಶ ಎಂದರೆ ಎರಡು ಗ್ರಹ.
ದೊಡ್ಡದಾದಷ್ಟೂ ಸೆಳೆತ, ದೂರವಾದಷ್ಟೂ ಸಡಿಲ.
ಒಪ್ಪಂದ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.
ದೂರ ಎಂದರೆ ರಾಜಧಾನಿಯಿಂದ ರಾಜಧಾನಿಗೆ.
ನಾನು ಕೈ ಎತ್ತಲಿಲ್ಲ.
ನಮ್ಮಲ್ಲಿ ದೂರ ಎಂದರೆ ಒಂದು ಚರಂಡಿ,
ಅದರ ಮೇಲೊಂದು ಹಲಗೆ.
ಆಚೆಯ ಕೋಳಿ ಈಚೆ ಬಂದು ಮೊಟ್ಟೆ ಇಟ್ಟರೆ
ಅದು ಆಮದೋ ಅಲ್ಲವೋ?

ಅಳೆದೂ ಸುರಿದೂ ಬರೆಯುತ್ತೇನೆ.
ಒಣಮೀನು ದುಪ್ಪಟ್ಟಾಯಿತು ಅನ್ನುತ್ತದೆ ಹಾಳೆ.
ಸರೋವರದಲ್ಲಿ ಮೀನು ದುಪ್ಪಟ್ಟಾಗಿಲ್ಲ,
ತಿನ್ನುವ ಬಾಯಿಯೂ.
ಆಗಿದ್ದಿಷ್ಟೆ: ಪನ್ಯಾ ಅನ್ನುತ್ತೇವೆ ನಾವು, ಇಲಿದಾರಿ,
ಜೌಗಿನಲ್ಲಿ, ಜಂಬುಹುಲ್ಲಿನ ಮರೆಯಲ್ಲಿ,
ಸುಂಕದವನ ಟಾರ್ಚು ತಪ್ಪಿಸಿ ನಡೆಯುತ್ತಿದ್ದವರು
ಒಂದು ಚೀಟಿ ಹಿಡಿದು ಹಗಲಿಗೆ ಬಂದರು.
ಅದೇ ಮೀನು. ಅದೇ ಬುಟ್ಟಿ.
ಕಣ್ಣಿಗೆ ಬಿದ್ದದ್ದನ್ನೇ ಗ್ರಾಫು
ಬೆಳೆಯಿತು ಎಂದು ಓದುತ್ತದೆ.

ಆ ದಾರಿ ನನಗೆ ಗೊತ್ತು.
ಅವ್ವನ ತಲೆಯ ಮೇಲೆ ಸೋಪಿನ ಪೆಟ್ಟಿಗೆ,
ಬೆನ್ನಿಗೆ ಬಟ್ಟೆಯಲ್ಲಿ ಬಿಗಿದ ನಾನು.
ಕೆಮ್ಮಿದರೆ ತೊಡೆ ಚಿವುಟುತ್ತಿದ್ದಳು.
ಆಟಕ್ಕುಂಟು, ಲೆಕ್ಕಕ್ಕಿಲ್ಲ: ಸೋಪೂ, ನಾನೂ.

ಇದನ್ನೆಲ್ಲ ಮುಗೆನಿಯವರಿಗೆ ಫೋನಿನಲ್ಲಿ ಹೇಳಿದೆ.
ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ,
"ಒಪ್ಪಂದ ಆಗದೇ ಇದ್ದಿದ್ದರೆ ಏನಾಗುತ್ತಿತ್ತೋ
ಅದನ್ನು ಅಳೆಯಬೇಕು ತಾಯಿ.
ಆ ದೇಶದ ಗೇಟಿನಲ್ಲಿ ಕುರ್ಚಿ ಹಾಕಲು ಜಾಗವಿಲ್ಲ."

ಇವತ್ತು ಹತ್ತು ಗಂಟೆಗೆ ಅಜಾಂಬೊ ಬಂದಳು,
ಉಗುರುದ್ದದ ಮುಕೆನೆ ಮೀನಿನ ಚೀಲ ತಲೆಯ ಮೇಲೆ.
ನೋಡಿದೆ. ನಲವತ್ತು ಎಂದು ಬರೆದೆ.
ಅವಳು ದಾಟಲಿಲ್ಲ.
ಕತ್ತು ಅಲುಗಿಸದೆ, ಕಣ್ಣಷ್ಟೇ ಇಳಿಸಿ ಹಾಳೆ ನೋಡಿದಳು.
ಇಪ್ಪತ್ತು ವರ್ಷ ಕಾವಲಿನವನಿಗೆ
ಮೂವತ್ತನ್ನು ಹದಿನೈದು ಎಂದವಳು,
ಬರೀ ಹೊಟ್ಟು ಎಂದವಳು, ಕೋಳಿಗೆ ಎಂದವಳು.
"ನಲವತ್ತೆರಡು," ಅಂದಳು.
"ರಾತ್ರಿ ನಾನೇ ತೂಗಿದ್ದೇನೆ. ಸರಿಯಾಗಿ ಬರಿ."

ಹೊಡೆದು ಹಾಕಿ ಬರೆದೆ.
ಹಿಂದೆ ಸಾಲು, ಲಾರಿಯ ಹಾರನ್ನು, ಒಮೋಡಿಂಗನ ಬೈಗುಳ.
ಆ ಎರಡು ಕಿಲೋ ಯಾವ ಕಾಲಮ್ಮಿಗೆ ಎಂದು
ಇನ್ನೂ ಪೆನ್ನು ಹಿಡಿದೇ ಇದ್ದೇನೆ.