ಬೆಳಕವಾಡಿಯಲ್ಲಿ ಒಂದು ಗಂಟೆ ಕತ್ತಲು

ನಮ್ಮೂರ ಹೆಸರೇ ಬೆಳಕವಾಡಿ.
ಕತ್ತಲನ್ನು ಮಾತ್ರ ಕೇಳಿ ತರಬೇಕಾಯಿತು.
ನಸೀಮಾ ಮಿಸ್ ಅರ್ಜಿ ಬರೆದರು,
ಏಳನೇ ಕ್ಲಾಸಿನ ಹದಿನೆಂಟು ಮಂದಿ ಸಹಿ ಹಾಕಿದೆವು.
ಲೈನ್‌ಮನ್ ಕೆಂಪಸಿದ್ದಣ್ಣ ಓದಿ, ತಲೆ ಕೆರೆದು,
"ಕರೆಂಟು ಕೊಡಿ ಅಂತ ಬರೆಯೋರನ್ನ ಕಂಡಿದ್ದೀನಿ,
ತೆಗೀರಿ ಅಂತ ಬರೆದೋರು ನೀವೇ ಮೊದಲು" ಎಂದು
ಶಾಲೆ ಬೀದಿಯ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡ.

ಮಾಘ ಮಾಸ. ಚಂದ್ರ ಇನ್ನೂ ಎದ್ದಿಲ್ಲ.
ಕಬ್ಬಿನ ಗದ್ದೆ ಕಡೆಯಿಂದ ಚಳಿ,
ಆಲೆಮನೆ ಕಡೆಯಿಂದ ಬೆಲ್ಲದ ವಾಸನೆ.
ಮೊದಲು ಏನೂ ಕಾಣಲಿಲ್ಲ.
"ಕಣ್ಣಿಗೂ ಹೊತ್ತು ಕೊಡಿ" ಅಂದರು ಮಿಸ್,
"ಕತ್ತಲಲ್ಲಿ ಅದರ ಬಾಗಿಲು ನಿಧಾನ ತೆರೆಯುತ್ತೆ,
ತುಕ್ಕು ಹಿಡಿದ ಅಗಳಿ ಥರ."
ಹತ್ತು ಎಣಿಸಿದೆವು, ನೂರು ಎಣಿಸಿದೆವು,
ಆಮೇಲೆ ಎಣಿಸುವುದನ್ನೇ ಬಿಟ್ಟೆವು.
ಅಷ್ಟು ಬಂದಿದ್ದವು ಚುಕ್ಕಿ.

ದೂರದರ್ಶಕ ಅಂದರೆ ನಾನು
ಕಡಲುಗಳ್ಳರ ಹಿತ್ತಾಳೆ ಕೊಳವೆ ಅಂದುಕೊಂಡಿದ್ದೆ.
ಇದು ಬೋರ್‌ವೆಲ್ ಅಂಗಡಿಯ ನೀಲಿ ಪೈಪು.
ತಳದಲ್ಲೊಂದು ಕನ್ನಡಿ, ಊಟದ ತಟ್ಟೆಗಿಂತ ಚಿಕ್ಕದು,
ಸ್ವಲ್ಪವೇ ತಗ್ಗು, ಹಳೆಯ ಕಾವಲಿಯ ಹಾಗೆ.
ಕಣ್ಣಿಡಬೇಕಾದ್ದು ಮೇಲೆ, ಪಕ್ಕದ ತೂತಿಗೆ.
ಚೆಲುವ ಬುಡಕ್ಕೆ ಕಣ್ಣಿಟ್ಟು
"ಆಕಾಶ ಖಾಲಿ ಮಿಸ್" ಅಂದ.

"ಮಳೆ ಬರುವಾಗ ಅಂಗಳದಲ್ಲಿ
ಒಂದು ಲೋಟ ಇಡಿ, ಒಂದು ಹಂಡೆ ಇಡಿ.
ಯಾವುದಕ್ಕೆ ಹೆಚ್ಚು ನೀರು?"
"ಹಂಡೆಗೆ!"
"ನಮ್ಮ ಕಣ್ಣಿನ ಪಾಪೆ ಲೋಟ,
ಅದೂ ಗೊಂಬೆಯಾಟದ್ದು.
ಈ ಕನ್ನಡಿ ಹಂಡೆ.
ಚುಕ್ಕಿಯಿಂದ ಬೆಳಕು ಸುರೀತಾನೇ ಇರುತ್ತೆ,
ಹಿಡಿಯೋ ಬಾಯಿ ದೊಡ್ಡದಿರಬೇಕು."

ಕೃತ್ತಿಕೆಯ ಕಡೆ ತಿರುಗಿಸಿದರು.
ಬರಿಗಣ್ಣಿಗೆ ಆರು. ಚೆಲುವನಿಗೆ ಏಳು,
ಅವನು ಎಲ್ಲದಕ್ಕೂ ಒಂದು ಸೇರಿಸುತ್ತಾನೆ.
ಪೈಪಿನೊಳಗೆ ಯಾರೋ
ಒಂದು ಮುಷ್ಟಿ ಸಕ್ಕರೆ ಚೆಲ್ಲಿದ್ದರು.
ಆರಿದ್ರೆಯನ್ನು ನೋಡಿ ಮಾತ್ರ ಬೇಜಾರಾಯಿತು:
ಕೆಂಡದ ಬಣ್ಣ ಸರಿ, ಆದರೂ ಚುಕ್ಕಿ ಚುಕ್ಕಿಯೇ.
"ದೊಡ್ಡದಾಗಲೇ ಇಲ್ವಲ್ಲ ಮಿಸ್?"
"ಅಷ್ಟು ದೂರ ಅದು. ಸೂರ್ಯನ ಜಾಗದಲ್ಲಿ ತಂದಿಟ್ಟರೆ
ನಮ್ಮ ಭೂಮಿ ಅದರ ಹೊಟ್ಟೆಯೊಳಗಿರುತ್ತೆ.
ನೀನೀಗ ನೋಡಿದ ಬೆಳಕು ಅಲ್ಲಿಂದ ಹೊರಟಾಗ
ನಿಮ್ಮಜ್ಜಿಯ ಅಜ್ಜಿಯ ಅಜ್ಜಿಯೂ ಹುಟ್ಟಿರಲಿಲ್ಲ."

ನಮ್ಮಜ್ಜಿ ಸಣ್ಣತಾಯಮ್ಮ ಅಲ್ಲೇ ಇದ್ದಳು,
ನನ್ನ ಕರೆದೊಯ್ಯಲು ಬಂದು,
ಗೇಟಿನ ಹತ್ತಿರ ಸೆರಗು ಹೊದ್ದು.
"ಆರಿದ್ರೆ ಮಳೆ ಗೊತ್ತು ಕಣವ್ವ,
ಆರಿದ್ರೆ ಚುಕ್ಕಿ ಗೊತ್ತಿಲ್ಲ. ಎಲ್ಲೈತೆ ಅದು?"
ಮಿಸ್ ಬೆರಳು ಪಡುವಣದಿಂದ ಮೂಡಣಕ್ಕೆ ಸರಿಯಿತು:
ಕೃತ್ತಿಕೆ, ರೋಹಿಣಿ, ಮೃಗಶಿರೆ, ಆರಿದ್ರೆ, ಪುನರ್ವಸು.
ಅಜ್ಜಿಯ ತುಟಿ ಬೆರಳಿಗಿಂತ ಮುಂದೆ ಓಡಿತು.
ಒಂದು ಹನಿಯಿಲ್ಲದ ಬಾನಿನಲ್ಲಿ
ಐದು ಮಳೆಗಳು ಸಾಲು ಹಿಡಿದು ನಿಂತಿದ್ದವು,
ರೇಷನ್ ಅಂಗಡಿ ಮುಂದೆ ನಿಂತ ಹಾಗೆ.

"ಮತ್ತೆ ಅದ್ರ ಮಳೇಲಿ ಅದ್ಯಾಕ್ ಕಾಣಾಕಿಲ್ಲ?
ಮೋಡ ಇಲ್ದಿದ್ ದಿನಾನೂವೆ?"
"ಆಗ ಸೂರ್ಯ ಆ ಕಡೆಯೇ ಇರ್ತಾನೆ ಅಜ್ಜಿ.
ಚುಕ್ಕಿ ಹಗಲಲ್ಲೇ ಮೂಡಿ, ಹಗಲಲ್ಲೇ ಮುಳುಗುತ್ತೆ.
ಸೂರ್ಯ ಯಾರ ಮನೆಗೆ ಬಂದಿದ್ದಾನೋ
ಅವರ ಹೆಸರು ಮಳೆಗೆ."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.
"ಆರಂಭದ ಕಾಲ ಅಲ್ವಾ.
ಹಗಲೆಲ್ಲ ನಮ್ ಜೊತೆ ಹೊಲ್ದಲ್ಲೇ ಇದ್ದದ್ದು ಅದು.
ತಲೆ ಎತ್ತಿ ನೋಡಾಕೆ ಪುರುಸೊತ್ತಿರ್ನಿಲ್ಲ."
ಮಿಸ್ ಏನೋ ತಿದ್ದಲು ಬಾಯಿ ತೆರೆದವರು
ಸುಮ್ಮನೆ ಪೈಪು ಅವಳೆತ್ತರಕ್ಕೆ ಬಗ್ಗಿಸಿದರು.

ಕೆಂಪಸಿದ್ದಣ್ಣ ಬಂದ. "ಗಂಟೆ ಆಯ್ತು."
"ತಡಿಯಪ್ಪ," ಅಂದಳು ಅಜ್ಜಿ, ಒಂದು ಕಣ್ಣು ಮುಚ್ಚಿ,
"ಪುನರ್ವಸು ಒಂದ್ ನೋಡ್ಕಂಬುಡ್ತೀನಿ."
ಅವನೂ ನಿಂತ, ಅವಳ ಹಿಂದೆ, ಸಾಲಿನಲ್ಲಿ,
ಫ್ಯೂಸು ಜೇಬಲ್ಲೇ ಇಟ್ಟುಕೊಂಡು.