ಮೇಲೆರಡು ಸಾಲು, ಕೆಳಗೆರಡು

ಬೋಳಾರದ ಹಂಚಿನ ಕಾರ್ಖಾನೆ ಮುಚ್ಚಿ
ಅದರ ಹೊಗೆಗೂಡಿನಲ್ಲಿ ಅಶ್ವತ್ಥ ಬೇರು ಬಿಟ್ಟ ಮೇಲೆ
ನಮ್ಮ ಸಂಘದ ಪಾಲಿಗೆ ಬಂದದ್ದು ಹಾಜರಿ ಪುಸ್ತಕಗಳಷ್ಟೆ.
ಗೆದ್ದಲಿಗೆ ಸಿಕ್ಕದೆ ಉಳಿದದ್ದನ್ನು
ಯಾರೋ ಕಾಲೇಜು ಹುಡುಗರು ಟೈಪು ಮಾಡಿಕೊಟ್ಟರು.
ತಿಂಗಳಿಗೊಂದು ಕಡತ, ಮುನ್ನೂರ ಹನ್ನೆರಡು ಕಡತ.

ಎದುರು ಬೆಂಚಿನಲ್ಲಿ ಆಕೆ. ಮಡಿಲಲ್ಲಿ ಪ್ಲಾಸ್ಟಿಕ್ ಚೀಲ,
ಚೀಲದೊಳಗೆ ಪಿಂಚಣಿ ಕಚೇರಿಯ ಮೂರು ತಿರಸ್ಕಾರ.
'ಎನ್ನ ಪುದರ್ ದೇಯಿ' ಅಂದರು.

ಕಪ್ಪು ಪರದೆ. ಗ್ರೆಪ್ ಎಂದು ಬರೆದು, ದೇಯಿ ಎಂದು ಬರೆದು
ಎಂಟರ್ ಒತ್ತಿದೆ.
ಏನೂ ಬರಲಿಲ್ಲ.
ಸಿಗದಿದ್ದರೆ ಸಿಗಲಿಲ್ಲ ಎನ್ನುವ ಮರ್ಯಾದೆ ಇದಕ್ಕಿಲ್ಲ;
ಮುಂದಿನ ಸಾಲಿನಲ್ಲಿ ಕಣ್ಣು ಮಿಟುಕಿಸುತ್ತ ಕೂರುತ್ತದೆ,
ಕೌಂಟರಿನಾಚೆಯ ಗುಮಾಸ್ತನ ಹಾಗೆ.
'ಉಂಡಾ?' ಎಂದರು. ಉಂಡು ಅನ್ನಲೇ, ಇಜ್ಜಿ ಅನ್ನಲೇ?

ದೊಡ್ಡಕ್ಷರ ಚಿಕ್ಕಕ್ಷರದ ಭೇದ ಬಿಡು ಎನ್ನಲು
ಇದರಲ್ಲೊಂದು ಉಪಾಯವಿದೆ. ನಮ್ಮ ಲಿಪಿಗೆ ಅದು ಬೇಕಿಲ್ಲ,
ಭೇದ ನಮ್ಮಲ್ಲಿ ಬೇರೆ ಕಡೆ ಇದೆ.
ಇನ್ನೊಂದುಂಟು: ಅನುಮಾನವಿದ್ದಲ್ಲಿ ಅಕ್ಷರ ತೆಗೆದು
ಚುಕ್ಕಿ ಇಡು. ಚುಕ್ಕಿಯೆಂದರೆ ಯಾವುದಾದರೂ ಆದೀತು.
ಯ ತೆಗೆದೆ. ಅದರ ತಲೆಯ ಗುಡಿಸು
ಆಸರೆ ತಪ್ಪಿ ಚುಕ್ಕಿಯ ಪಕ್ಕ ತೇಲಿತು.
ಗುಡಿಸು! ಹನ್ನೊಂದು ವರ್ಷ ಇವರು ಮಾಡಿದ್ದೂ ಅದೇ,
ಭಟ್ಟಿಯ ಬೂದಿ, ಒಡೆದ ಹಂಚಿನ ಚೂರು.

ಬಂತು. ಪರದೆ ತುಂಬಿ ಮೇಲೆ ಹೋಗುವಷ್ಟು ಬಂತು.
ಎಲ್ಲ ಕಡೆ ದೇವಿ.
ಯಾವನೋ ಹುಡುಗ, ಒಳ್ಳೆಯವನೇ ಇರಬೇಕು,
ಹೀಗೊಂದು ಹೆಸರಿರಲಾರದೆಂದು
ಕೂಲಿಯಾಳನ್ನು ದೇವಿ ಮಾಡಿಬಿಟ್ಟಿದ್ದಾನೆ.

ಆದರೆ ನಿಜವಾದ ದೇವಿಯೂ ಒಬ್ಬಳಿದ್ದರೆ?
ಗುರುತಿಗೆಂದು, ಒಂದು ದಿನದ ಹಾಜರಿಗೆ
ಮೇಲೆರಡು ಸಾಲು, ಕೆಳಗೆರಡು ಸಾಲು ಕೇಳಿ, ಗಟ್ಟಿಯಾಗಿ ಓದಿದೆ:

ಲಿಗೋರಿನ್, ಅರ್ಧ ದಿನ.
ಅಪ್ಪಿ, ಪೂರ್ತಿ.
ದೇವಿ, ಪೂರ್ತಿ.
ಬೀಪಾತು, ಗೈರು.
ಸುಂದರಿ, ಪೂರ್ತಿ.

ಆಕೆ ತಲೆಯೆತ್ತಿದರು.
'ಹೌದು ಮಾರಾಯ್ರೆ, ಅವತ್ತು ಬೀಪಾತುವಿನ ಮಗುವಿಗೆ ಜ್ವರ.
ಅವಳ ಪಾಲಿನ ಬೂದಿಯನ್ನೂ ನಾನೇ ಹೊತ್ತದ್ದು.
ಅದು ಬರೆದಿದೆಯಾ?'

ಬರೆದಿಲ್ಲ. ಬರೆಯದ್ದನ್ನು ಹುಡುಕುವ ಅಪ್ಪಣೆ
ನನಗೆ ಗೊತ್ತಿಲ್ಲ. ಪ್ರಿಂಟ್ ತೆಗೆದು
ಸಂಘದ ಮೊಹರು ಒತ್ತಿದೆ, ಪೆನ್ನಿನಲ್ಲಿ
ವ ಹೊಡೆದು ಯ ಬರೆದೆ.
ಅವರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.
'ಉಳಿದವರದ್ದೂ ಒಂದೊಂದು ತೆಗೆದು ಕೊಡಿ.
ಲಿಗೋರಿನ ಮನೆ ದಾರಿಯಲ್ಲೇ ಉಂಟು.'