ಅರ್ಧ ದಿನ

ಪುತ್ತರಿ ಕಳೆದು ಪಲ್ಪರ್ ತಿರುಗತೊಡಗಿದರೆ
ಅಮ್ಮತ್ತಿಯ ಗಾಳಿಗೇ ಹುಳಿ ಹಿಡಿಯುತ್ತದೆ.
ಸಿಪ್ಪೆಗೊಂದು ಗುಂಡಿ, ಬೀಜಕ್ಕೊಂದು ಕಣ,
ಲೋಳೆ ತೊಳೆದ ನೀರು ಮಾತ್ರ ಯಾರದ್ದೂ ಅಲ್ಲ:
ಇಳಿಜಾರು ಎತ್ತ ಕರೆದರೆ ಅತ್ತ.

ನಾನು ಎಸ್ಟೇಟಿನ ರೈಟರು.
ಮೂಟೆ ಎಣಿಸುವುದು, ಹಾಜರಿ ಹಾಕುವುದು.
ನೀರಿಗೆಂದು ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಆ ವರ್ಷ ಅಚ್ಚಯ್ಯ ಸಾವ್ಕಾರರ ಮಗಳ ಮದುವೆ.
ಕೆರೆ ಕನ್ನಡಿಯ ಹಾಗಿರಬೇಕು ಅಂದರು.
ಹನ್ನೆರಡು ಆಳು, ನಾಲ್ಕು ದಿನ,
ಜೊಂಡು, ಬಜೆ, ನೀರಂಚಿನ ಕಾಡುಕೆಸು
ಬುಡಸಹಿತ ಕಿತ್ತು ದಡಕ್ಕೆಸೆದೆವು.
ಮಾಚಿ ಒಬ್ಬಳೇ ಸೊಂಟದ ಕತ್ತಿ ತೆಗೆಯಲಿಲ್ಲ.
"ಅದು ನೀರಿನ ಕರುಳು, ರೈಟ್ರೇ" ಅಂದಳು.
ಅವಳಿಗೆ ಅರ್ಧ ದಿನ ಬರೆದೆ.

ಕನ್ನಡಿ ಹದಿನೈದು ದಿನ ಇತ್ತು.
ಫೋಟೋದಲ್ಲಿ ಈಗಲೂ ಇದೆ:
ಕುಪ್ಯ ತೊಟ್ಟವರ ಹಿಂದೆ ಒಂದು ಆಕಾಶ,
ಅದರ ಕೆಳಗೆ ಇನ್ನೊಂದು.
ಆಮೇಲೆ ನೀರು ಕಣ್ಣ ಚಾದ ಬಣ್ಣಕ್ಕೆ ಬಂತು,
ಆಮೇಲೆ ಹೆಸರಿಲ್ಲದ ಬಣ್ಣಕ್ಕೆ.
ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು
ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ
ಏನೋ ಹೇಳಲು ಬಂದು ಮಾತು ಬಾರದವರ ಹಾಗೆ.
ಏಡಿಗಳು ಏರಿ ಹತ್ತಿ ಕಾಫಿ ಸಾಲಿಗೆ ನಡೆದವು.
ಲೈನ್ ಮನೆಯ ಮಕ್ಕಳಿಗೆ ರಾತ್ರಿಯಿಡೀ ತುರಿಕೆ.

ಒಣಗಿದ ರಾಶಿಯೊಳಗೆ ಕೈಯಿಟ್ಟು
ಜೀವ ಉಳಿದ ಗೆಡ್ಡೆಗಳನ್ನು ಮಾಚಿ ಹೆಕ್ಕಿದಳು.
ಯಾರೂ ಹೇಳಿರಲಿಲ್ಲ. ಕೂಲಿಯೂ ಇಲ್ಲ.
ಪಲ್ಪರಿನ ಚರಂಡಿ ಕೆರೆಗೆ ಬೀಳುವ ಬಾಯಲ್ಲಿ
ಮೊಣಕಾಲುದ್ದ ಕೆಸರಲ್ಲಿ ನಿಂತು ನೆಟ್ಟಳು,
ಗದ್ದೆ ನಾಟಿಯಷ್ಟೇ ನಿಧಾನಕ್ಕೆ, ಹಿಂದೆ ಹಿಂದೆ ಸರಿಯುತ್ತ.

ಮೂರು ತಿಂಗಳಿಗೆ ಒಂದು ಬುಡ ಎತ್ತಿ ನೋಡಿದೆ.
ಬಿಚ್ಚಿದ ಜಡೆಯಂಥ ಬೇರು,
ಎಳೆ ಎಳೆಗೂ ಕಂದು ಪಸೆ,
ಪಸೆಯೊಳಗೆ ಕಣ್ಣಿಗೆ ಕಾಣದ ಯಾರೋ
ಪಂಕ್ತಿ ಕೂತು ನಮ್ಮ ಹೊಲಸು ಉಣ್ಣುತ್ತಿದ್ದರು.
ಮೇಲಿನ ಎಲೆ ತನ್ನ ಟೊಳ್ಳು ದಂಟಿನೊಳಗಿಂದ
ಅವರಿಗೆ ಉಸಿರು ಇಳಿಸಿಕೊಡುತ್ತಿತ್ತು,
ಬಾವಿ ತೋಡುವವರಿಗೆ ಹಗ್ಗ ಕಟ್ಟಿ ಬುತ್ತಿ ಇಳಿಸಿದಂತೆ.

ಸರಿಹೋಯಿತು ಅಂದುಕೊಂಡೆ.
ಮುಂದಿನ ಪುತ್ತರಿಗೆ ಮೊದಲು ಮಾಚಿ ಕತ್ತಿ ತೆಗೆದಳು.

"ಕಡಿಯಬೇಡಿ ಅಂದವಳು ನೀನೇ ಅಲ್ವಾ?"

"ಕೀಳಬೇಡಿ ಅಂದೆ. ತಿಂದದ್ದೆಲ್ಲ ಅದರ ಹೊಟ್ಟೇಲಿದೆ.
ಇಲ್ಲೇ ಸತ್ತರೆ ಇಲ್ಲೇ ಕಕ್ಕುತ್ತೆ.
ಹೊತ್ತದ್ದನ್ನ ಯಾರಾದ್ರೂ ಇಳಿಸಬೇಕಲ್ಲ, ರೈಟ್ರೇ."

ಒಂದು ಸಾಲು ಕೊಯ್ದು, ಒಂದು ಸಾಲು ಬಿಟ್ಟು,
ನಡುಗೆರೆಯಲ್ಲಿ ಬಿಸಿಲಿಗೆ ಬೇಕಾದಷ್ಟು ಜಾಗ ತೆರೆದು,
ಕೊಯ್ದ ಹೊರೆಯನ್ನು ತಲೆಯ ಮೇಲಿಟ್ಟು
ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ ಬಂದಳು.
ಅವಳ ಕೊರಳಗುಂಟ ಹಸಿರು ನೀರು ಇಳಿಯುತ್ತಿತ್ತು.

ಈಗ ಹಾಜರಿ ಪುಸ್ತಕದಲ್ಲಿ ಗೆರೆಯೆಳೆದು
'ಕೆರೆ' ಎಂದು ಒಂದು ಕಾಲಂ ಮಾಡಿದ್ದೇನೆ.
ಮಾಚಿ: ಒಂದು ದಿನ. ಮಾಚಿ: ಒಂದು ದಿನ.
ಹಿಂದಿನ ಪುಸ್ತಕದ ಆ ಅರ್ಧ ಹಾಗೇ ಇದೆ,
ಅದನ್ನು ತಿದ್ದುವ ಅಧಿಕಾರ ನನಗಿಲ್ಲ ಅಂದುಕೊಂಡಿದ್ದೇನೆ.

ಮಗುವಿಗೆ ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದಿಡುತ್ತಾರೆ.
ನಿನ್ನೆ ಸಂಜೆ ದಡದಲ್ಲಿ ಒಂದು ತುಂಡು ಮುರಿದು
ಬಾಯಿಗಿಟ್ಟುಕೊಂಡೆ.
ಕಹಿ. ಘಾಟು.
ಅವಳು ಎದುರಿಗೇ ಕಾಲು ತೊಳೆಯುತ್ತಿದ್ದಳು.
ಬಾಯಿ ತೆರೆದೆ, ಮುಚ್ಚಿದೆ.